ಹೂಂ ಅನ್ನುವವರಿಲ್ಲದೆ ಭೂಮಿ ಮುಳುಗುವುದಿಲ್ಲ

ನಮ್ಮ ಕಾಕಾ ಈವರೆಗೆ ಭೂಮಿಯನ್ನು ಏಳು ಸಲ ನಾಶ ಮಾಡಿದ್ದಾರೆ. ಏಳೂ ಸಲ ಹಿರೇಕೆರೂರು ಮಾತ್ರ ಉಳಿದುಕೊಂಡಿದೆ. ಯಾಕೆಂದು ಕೇಳಿದರೆ, "ಊರ ಹೋದ್ರ ನಾ ಎಲ್ಲಿ ಕುಂತು ಬರೀಲಿ?" ಎನ್ನುತ್ತಾರೆ.

ಕಾಕಾ ವೈಜ್ಞಾನಿಕ ಕಾದಂಬರಿಕಾರರು. ಅದಕ್ಕೂ ಮೊದಲು ಬಸ್ ನಿಲ್ದಾಣದ ಕಂಟ್ರೋಲರ್ ಆಗಿ, ಬಸ್ಸು ಬಂದ ಹೊತ್ತು ಹೋದ ಹೊತ್ತು ಬರೆದುಕೊಂಡೇ ನಿವೃತ್ತರಾದವರು. ಆ ಗುಣ ಹೋಗಿಲ್ಲ. ಅವರ ರಾಕೆಟ್ಟುಗಳು ಎರಡನೇ ಪ್ಲಾಟ್‌ಫಾರ್ಮಿನಲ್ಲಿ ನಿಲ್ಲುತ್ತವೆ, ಡ್ರೈವರ್ ಚಹಾ ಕುಡಿದು ಬರುವತನಕ ಕಾಯುತ್ತವೆ, ಮಂಗಳ ಗ್ರಹಕ್ಕೆ ಹೋಗುವುದಿದ್ದರೂ ಹಾವೇರಿ ಮೇಲೆಯೇ ಹೋಗುತ್ತವೆ.

"ನೇರ ಹೋದ್ರ ಆಗೂದಿಲ್ಲೇನು ಕಾಕಾ?"

"ಸೀಟ್ ತುಂಬಬೇಕಲ್ಲೋ ತಮ್ಮಾ!"

ಬರೆದದ್ದನ್ನು ಮಧ್ಯಾಹ್ನ ಮೂರಕ್ಕೆ ಗಟ್ಟಿಯಾಗಿ ಓದಬೇಕು. ಕೇಳುವವರು ಪ್ರತಿ ಸಾಲಿಗೆ "ಹೂಂ" ಅನ್ನಬೇಕು. ಹೂಂ ಬರದಿದ್ದರೆ ಮುಂದಿನ ಸಾಲಿಲ್ಲ. ಈ ಕೆಲಸ ಅವರ ಹೆಂಡತಿ, ನನ್ನ ಚಿಗವ್ವನದು. ಆಕೆ ಜೋಳ ಹಸನು ಮಾಡುತ್ತ ಹೂಂಗುಡುತ್ತಾಳೆ. ಹೂಂ ಕೊಂಚ ಎಳೆದು ಬಂತೋ, ಕಾಕಾ ಆ ಸಾಲು ಹೊಡೆದುಹಾಕುತ್ತಾರೆ. "ಎಡಿಟರ್ ನೀ ಅಲ್ಲೋ, ಈಕಿ," ಎಂದು ಪತ್ರಿಕೆಯ ಕಚೇರಿಯಲ್ಲಿ ದುಡಿಯುವ ನನ್ನನ್ನು ಕುಟುಕುತ್ತಾರೆ.

ನನ್ನಿಂದಲೂ ಒಮ್ಮೆ ಹೂಂ ಅನ್ನಿಸಲು ನೋಡಿದರು. ನನಗೆ ಬರಲಿಲ್ಲ. ಖಚಿತವಾಗದ ಸುದ್ದಿಗೆ ಹೂಂ ಅಂದರೆ ಹೇಗೆ? "ರಾಕೆಟ್ ಹೊರಟಿದ್ದನ್ನು ನೋಡಿದವರು ಯಾರು?" ಎಂದು ಕೇಳಿದೆ. ಅಂದಿನಿಂದ ನನಗೆ ಹಸ್ತಪ್ರತಿ ಟೈಪ್ ಮಾಡುವ ಕೆಲಸ ಮಾತ್ರ ಉಳಿಯಿತು.

ಕೊರೊನಾ ಬಂದು ನಾನು ಹುಬ್ಬಳ್ಳಿಯ ಕೋಣೆ ಬಿಟ್ಟು ಇವರ ಮನೆಯಿಂದಲೇ ಕೆಲಸ ಮಾಡತೊಡಗಿದಾಗ ಕಾಕಾ ಸಿಟ್ಟಾಗಿದ್ದರು. ಅವರು ಆಗ ಬರೆಯುತ್ತಿದ್ದ ಎಂಟನೇ ಕಾದಂಬರಿಯಲ್ಲಿ ಭೂಮಿ ಮುಳುಗುವುದು ರೋಗಾಣುವಿನಿಂದ.

"ನನ್ನ ಕತಿ ಕದ್ದಾರ!"

"ಯಾರು ಕಾಕಾ?"

"ಗೊತ್ತಿದ್ರ ಬಿಡ್ತಿದ್ನೇನು!"

ಮುಚ್ಚಿದ ಸಂತೆ, ಮುಚ್ಚಿದ ಬಾಯಿ, ಎಲ್ಲವನ್ನೂ ಅವರು ಮೊದಲೇ ಬರೆದಿದ್ದರು. ಒಂದು ಮಾತ್ರ ಹೊಳೆದಿರಲಿಲ್ಲ: ಲೋಕ ಮುಳುಗುವ ಹೊತ್ತಿನಲ್ಲಿ ಜನ ತಂಬಾಕು ಹುಡುಕಿಕೊಂಡು ಓಡಾಡುತ್ತಾರೆ ಎಂಬುದು. "ಅದ ಬರೀಬೇಕಿತ್ತು," ಎಂದು ಒಂದು ವಾರ ಕೊರಗಿದರು.

ಆಮೇಲೆ ಗೊಬ್ಬರದ ಚೀಲ ಹೊಲಿದು ಅಂಗಿ ಮಾಡಿಕೊಂಡರು. ಹಳೆಯ ಟೇಬಲ್ ಫ್ಯಾನಿನ ಜಾಲರಿಗೆ ಪ್ಲಾಸ್ಟಿಕ್ ಹಾಳೆ ಸುತ್ತಿ ತಲೆಗಿಟ್ಟುಕೊಂಡು ತರಕಾರಿಗೆ ಹೊರಟರು. ಸರ್ಕಲ್ಲಿನಲ್ಲಿ ಪೊಲೀಸ ತಡೆದ.

"ಎಲ್ಲಿಗ್ರಿ ಯಜಮಾನ್ರ?"

"ಬದನಿಕಾಯಿ ತರಾಕ್ರಿ."

"ನಾ ಚಂದ್ರಗ ಹೊಂಟೀರಿ ಅಂತ ಮಾಡಿದ್ದೆ."

"ಅದಕ್ಕ ಪಾಸ್ ನೀವು ಕೊಡ್ತೀರೇನ್ರಿ?"

ಬದನೆಕಾಯಿ ಸಿಕ್ಕಿತು. ಪಾಸ್ ಸಿಗಲಿಲ್ಲ.

ಎರಡನೇ ಅಲೆಯಲ್ಲಿ ಚಿಗವ್ವನಿಗೆ ಜ್ವರ ಬಂತು. ಮೂರನೇ ದಿನ ಉಸಿರು ಸಾಲದಾಯಿತು. ಆಂಬುಲೆನ್ಸ್ ಆಕೆಯನ್ನು ಹಾವೇರಿಯ ಆಸ್ಪತ್ರೆಗೆ ಒಯ್ದಿತು. ನಮ್ಮನ್ನು ಬಾಗಿಲಲ್ಲೇ ನಿಲ್ಲಿಸಿದರು. ಕಾಕಾ ಬೇಡಿಕೊಂಡದ್ದು ಒಂದೇ: ಮಧ್ಯಾಹ್ನ ಮೂರಕ್ಕೆ ಆಕೆಯ ದಿಂಬಿನ ಪಕ್ಕ ಫೋನು ಇಡಬೇಕು. ಒಬ್ಬ ನರ್ಸಮ್ಮ ಒಪ್ಪಿದರು.

ಮೊದಲೆರಡು ದಿನ ಹೂಂ ಬರಲು ಬಹಳ ಹೊತ್ತಾಗುತ್ತಿತ್ತು. ಕಾಕಾ ಬೆರಳನ್ನು ಸಾಲಿನ ಮೇಲಿಟ್ಟು, ಉಸಿರು ಬಿಗಿಹಿಡಿದು ಕಾಯುತ್ತಿದ್ದರು. ಮೂರನೇ ದಿನ ಹೂಂ ಗಟ್ಟಿಯಾಗಿ, ತಡವಿಲ್ಲದೆ ಬಂತು.

"ಕೇಳಿದೇನೋ? ಧ್ವನಿ ಸುಧಾರಿಸೈತಿ!"

ಕೇಳಿದೆ. ಅದು ಚಿಗವ್ವನ ಧ್ವನಿಯಂತಿರಲಿಲ್ಲ. ಆದರೆ ನಾನು ಜೀವನದಲ್ಲಿ ಮೊದಲ ಸಲ, ಪರಿಶೀಲಿಸಬೇಕಾದ ಸುದ್ದಿಯನ್ನು ಹಾಗೆಯೇ ಬಿಟ್ಟೆ.

ಒಂಬತ್ತನೇ ಅಧ್ಯಾಯಕ್ಕೆ ಮುಳುಗಬೇಕಿದ್ದ ಭೂಮಿ ಹದಿನೈದಾದರೂ ಮುಳುಗಲಿಲ್ಲ. ಕಾಕಾ ಬೆಳಿಗ್ಗೆ ಬರೆದು ಮಧ್ಯಾಹ್ನ ಓದುತ್ತಿದ್ದರು.

"ಈ ಸಲ ಯಾಕ ತಡ ಕಾಕಾ?"

"ಕೇಳಾಕಿ ಇನ್ನೂ ಆಸ್ಪತ್ರ್ಯಾಗ ಅದಾಳ. ಭೂಮಿ ಕಾಯ್ಲಿ."

ಚಿಗವ್ವ ಮನೆಗೆ ಬಂದಳು, ಅರ್ಧ ಇಳಿದುಹೋಗಿ. ಕಾಕಾ ಆಕೆಗೆ ನೀರು ಕೊಡುವ ಮೊದಲೇ ಕೇಳಿದರು, "ಹೆಂಗಿತ್ತು ಕತಿ?"

"ಯಾವ ಕತಿ?"

"ಹೂಂ ಅಂದಿಯಲ್ಲ, ದಿನಾ!"

"ಎರಡ ದಿನ ಅಂದೆ. ಆಮ್ಯಾಲ ಬಾಜೂ ಮಂಚದ ಮಾಸೂರ ಅಕ್ಕ ಅಂದಾಳ. ನೀವು ಓದಾಕತ್ತಿದ್ರ ನನಗ ನಿದ್ದಿ ಹತ್ತತಿತ್ತು. ಹೂಂ ಇಲ್ಲಂದ್ರ ನೀವು ನಿಲ್ಲಸ್ತೀರಿ. ನೀವು ನಿಲ್ಲಿಸಿದ್ರ ನನಗ ಎಚ್ಚರ, ಎಚ್ಚರಾದ್ರ ಕೆಮ್ಮು. ಆಕಿನ ಅಂದ್ಲು, 'ನೀ ಮಲಗ ಯವ್ವಾ, ನಾ ಹೂಂ ಅಂತೇನಿ' ಅಂತ."

"ಅಂದ್ರ ನನ್ನ ಕತಿಗೆ ನಿದ್ದಿ ಬರ್ತೈತಿ?"

"ಆ ನಿದ್ದಿ ಬರೂಕಿಂತ ಮೊದಲ ಎರಡ ರಾತ್ರಿ ಕಣ್ಣ ಮುಚ್ಚಿದ್ದಿಲ್ಲರಿ ನಾ."

ಕಾಕಾ ಎದ್ದು ಹೋಗಿ ಆಕೆಗೆ ನೀರು ತಂದುಕೊಟ್ಟರು. ಆ ಅಕ್ಕನೂ ಗುಣವಾಗಿ ಮಾಸೂರಿಗೆ ಹೋಗಿದ್ದಳು. ನಾಲ್ಕು ದಿನಕ್ಕೆ ಅವಳ ಫೋನು ಬಂತು: "ಆ ರಾಕೆಟ್ ಹಾವೇರಿ ಮುಟ್ಟಿತೇನ್ರಿ?" ಏಳು ಕಾದಂಬರಿಗೆ ಬಾರದ ವಿಮರ್ಶೆ ಇದು! ಕಾಕಾ ಅದನ್ನು ಬಂದವರಿಗೆಲ್ಲ ಹೇಳಿದರು.

ಮರುದಿನ ಮೂರಕ್ಕೆ ಮೊದಲ ಅಧ್ಯಾಯದಿಂದ ಓದು ಮತ್ತೆ ಶುರುವಾಯಿತು. ಚಿಗವ್ವ ಮಂಚದ ಮೇಲೆ ಒರಗಿದ್ದಳು. ಮೂರನೇ ಪುಟಕ್ಕೆ ಹೂಂ ನಿಂತಿತು. ಕಾಕಾ ಗಾಬರಿಯಿಂದ ತಲೆಯೆತ್ತಿ ಹೊದಿಕೆ ಏರಿಳಿಯುವುದನ್ನು ನೋಡಿದರು. ಬರೀ ನಿದ್ದೆ. ನಿಲ್ಲಿಸಿದರೆ ಎಚ್ಚರವಾಗುತ್ತದೆ, ಹೂಂ ಇಲ್ಲದೆ ಓದಲು ಅವರಿಗೆ ಬರುವುದಿಲ್ಲ.

ಕಾಕಾ ಕಾಗದ ಬಿಟ್ಟು ನನ್ನನ್ನೇ ನೋಡುತ್ತ, ಮೆಲ್ಲಗೆ, ನಾನು ಎಂದೂ ಟೈಪ್ ಮಾಡಿರದ ಒಂದು ಸಾಲು ಹೇಳಿದರು:

"ಆ ವರ್ಷ ಹಿರೇಕೆರೂರಿನಲ್ಲಿ ಯಾರೂ ಸಾಯಲಿಲ್ಲ."

ಅದು ಸುಳ್ಳು. ಆ ವರ್ಷ ತೀರಿಕೊಂಡವರ ಪಟ್ಟಿಗಳನ್ನು ದಿನವೂ ಪತ್ರಿಕೆಗೆ ತಿದ್ದಿ ಕೊಟ್ಟವನು ನಾನೇ.

"ಹೂಂ," ಎಂದೆ.