ಮೇಜಿನ ಮೇಲಿನ ಭಾನುವಾರ

ಮನುಷ್ಯರ ಹೆಸರು ಅಳಿಸುವುದು ನನ್ನ ಕಸುಬು ಎಂದರೆ ರೈಲಿನಲ್ಲಿ ಪಕ್ಕದಲ್ಲಿ ಕುಳಿತವರು ಚೂರು ಆಚೆ ಸರಿಯುತ್ತಾರೆ. ಹೆದರುವಂಥದ್ದೇನೂ ಇಲ್ಲ. ಆಸ್ಪತ್ರೆಗಳಲ್ಲಿ ರಾಶಿ ಬೀಳುವ ರೋಗಿಗಳ ವಿವರಗಳನ್ನು ಕಂಪ್ಯೂಟರಿಗೆ ಉಣಿಸಿ, ಕಾಯಿಲೆಗಳ ಜಾಡು ಹಿಡಿಯುವ ವಿದ್ಯೆಯೊಂದಿದೆ. ಬಯೋಮೆಡಿಕಲ್ ಇನ್ಫರ್ಮ್ಯಾಟಿಕ್ಸ್ ಎಂದು ಅದರ ಹೆಸರು. ಅಹಮದಾಬಾದಿನ ಒಂದು ಸಂಸ್ಥೆಯಲ್ಲಿ ಪಿಎಚ್‌.ಡಿ. ಮಾಡುವವರಿಗೂ, ಅದು ಮುಗಿದ ಮೇಲೂ ಮನೆಗೆ ಹೋಗಲು ಮನಸ್ಸಾಗದೆ ಪೋಸ್ಟ್‌ಡಾಕ್ ಆಗಿ ಉಳಿದವರಿಗೂ ನಾನು ಅದನ್ನು ಕಲಿಸುತ್ತೇನೆ. ಮೊದಲ ದಿನದ ಪಾಠ ಯಾವಾಗಲೂ ಒಂದೇ. ಹೆಸರು, ವಿಳಾಸ, ಫೋನ್ ನಂಬರು ಎಲ್ಲ ತೆಗೆಯಿರಿ. ಇಷ್ಟಾದರೂ ಅಕಸ್ಮಾತ್ ಈ ವ್ಯಕ್ತಿ ಯಾರೆಂದು ನಿಮಗೆ ಹೊಳೆದರೆ ಬಾಯಿ ಮುಚ್ಚಿಕೊಂಡಿರಿ. ಯಾರಿಗೂ ಹೇಳಬೇಡಿ, ಅವರನ್ನು ಹುಡುಕಿಕೊಂಡು ಹೋಗಬೇಡಿ. ಇದನ್ನು ನಾನು ಎಷ್ಟು ಗಟ್ಟಿಯಾಗಿ ಹೇಳುತ್ತೇನೆಂದರೆ, ನನ್ನ ವಿದ್ಯಾರ್ಥಿಗಳು ಮದುವೆಮನೆಯಲ್ಲಿ ಸ್ವಂತ ನೆಂಟರ ಗುರುತು ಹಿಡಿಯಲೂ ಹಿಂಜರಿಯುತ್ತಾರೆ ಎಂಬ ದೂರಿದೆ.

ನನ್ನ ಫ್ಲ್ಯಾಟು ಇರುವುದು ಬೋಪಾಲ್‌ನಲ್ಲಿ. ಮಧ್ಯಪ್ರದೇಶದ್ದಲ್ಲ, ಅಹಮದಾಬಾದಿನ ಪಡುವಣ ಅಂಚಿನದು. ಹಾಸನದಲ್ಲಿರುವ ನನ್ನ ಅಕ್ಕ ಮಾತ್ರ ಇಂದಿಗೂ ಆ ಇನ್ನೊಂದು ಊರಿನ ಹವಾಮಾನ ನೋಡಿಯೇ ನನಗೆ ಸ್ವೆಟರ್ ಹಾಕಿಕೊಳ್ಳಲು ಹೇಳುತ್ತಾಳೆ. ಹೆಂಡತಿ ತೀರಿಕೊಂಡ ಮೇಲೆ ಈ ಫ್ಲ್ಯಾಟಿನಲ್ಲಿ ಭಾನುವಾರ ಎಂಬುದೊಂದು ಸಮಸ್ಯೆಯಾಗಿದೆ. ಮಿಕ್ಕ ದಿನಗಳಿಗೆ ಲ್ಯಾಬ್ ಇದೆ. ಸೂರತ್‌ನಲ್ಲಿರುವ ಮಗಳು ವಾರದ ನಡುವೆ ಆಫೀಸಿನಿಂದ ಮನೆಗೆ ಹೋಗುವ ದಾರಿಯಲ್ಲಿ ಫೋನ್ ಮಾಡುತ್ತಾಳೆ. ಇಲ್ಲೇ ಹುಟ್ಟಿ ಬೆಳೆದ ಅವಳ ಕನ್ನಡ "ಪಪ್ಪಾ, ಊಟ ಆಯ್ತಾ" ಎಂಬಲ್ಲಿಗೆ ಮುಗಿಯುತ್ತದೆ. ಆಮೇಲೆ ಹಿಂದಿ, ಕೋಪ ಬಂದರೆ ಗುಜರಾತಿ. ಭಾನುವಾರ ಅವಳಿಗೆ ಅವಳ ಸಂಸಾರ. ನಾನು ಬಾಲ್ಕನಿಯ ಕುರ್ಚಿಯಲ್ಲಿ ಕುಳಿತು ಸಂಜೆಯಾಗಲೆಂದು ಕಾಯುತ್ತೇನೆ. ಸಂಜೆ ಶೆಟ್ಟರ ಉಡುಪಿ ಹೋಟೆಲಿಗೆ ಹೋಗುತ್ತೇನೆ. ಶೆಟ್ಟರು ಕುಂದಾಪುರದ ಕಡೆಯವರು. "ಎಂತ ಸರ್, ಇವತ್ತೂ ಒಬ್ರೇ ಬಂದದ್ದಾ?" ಎಂದು ಪ್ರತಿ ವಾರವೂ ತಪ್ಪದೆ ಕೇಳುತ್ತಾರೆ. ನನ್ನ ಕೆಲಸವೇನೆಂದು ಒಮ್ಮೆ ಅವರಿಗೆ ವಿವರವಾಗಿ ತಿಳಿಸಿದ್ದರ ಫಲವಾಗಿ, ಬಿಲ್ಲಿನ ಮೆಷಿನ್ ಕೆಟ್ಟಾಗಲೆಲ್ಲ ನನ್ನನ್ನು ಕೌಂಟರಿನ ಹಿಂದಕ್ಕೆ ಕರೆಯುತ್ತಾರೆ. ನಾನು ಅದನ್ನು ಒಮ್ಮೆ ಆರಿಸಿ ಮತ್ತೆ ಹಾಕುತ್ತೇನೆ. ಅದು ಬೇಗ ಸರಿಹೋಗದಿರಲಿ ಎಂದು ಒಳಗೊಳಗೇ ಬೇಡಿಕೊಳ್ಳುತ್ತೇನೆ, ಯಾಕೆಂದರೆ ಸರಿಹೋಗುವವರೆಗೆ ಶೆಟ್ಟರು ಪಕ್ಕದಲ್ಲೇ ನಿಂತು ಕನ್ನಡದಲ್ಲಿ ಮಾತಾಡುತ್ತಾರೆ.

ಈ ಸಲ ಹೊಸಬರಿಗೆ ಕೈ ಪಳಗಿಸಲು ಒಂದಿಷ್ಟು ಡೇಟಾ ಬೇಕಾಗಿತ್ತು. ಆಸ್ಪತ್ರೆಗಳಿಂದ ಅನುಮತಿ ಬರುವಷ್ಟರಲ್ಲಿ ವಿದ್ಯಾರ್ಥಿಗಳಿಗೆ ಮೊಮ್ಮಕ್ಕಳಾಗಿರುತ್ತಾರೆ. ನನ್ನ ಕೈಯಲ್ಲೋ ಮಗಳು ಕೊಡಿಸಿದ ವಾಚಿದೆ. ನಾಡಿ ಬಡಿತ, ಕೈಯ ಅಲುಗಾಟ ಎಲ್ಲವನ್ನೂ ಬಿಡದೆ ದಾಖಲಿಸುತ್ತದೆ. ಅದರ ಡೇಟಾದಿಂದ ನನ್ನ ಹೆಸರು ತೆಗೆದು "ವ್ಯಕ್ತಿ ಏಳು" ಎಂದು ಬರೆದು ಅವರಿಗೆ ಕೊಟ್ಟೆ. ಪ್ರತಿ ವಾರದ್ದೂ ಸೇರುತ್ತ ಹೋಗುವಂತೆ ಏರ್ಪಾಟು ಮಾಡಿದೆ. ವ್ಯಕ್ತಿ ಒಂದರಿಂದ ಆರರವರೆಗೆ ಯಾರೂ ಇರಲಿಲ್ಲ. ಏಳು ಎಂದರೆ ಜೊತೆಗೆ ಇನ್ನೂ ಆರು ಜನ ಇದ್ದಾರೆಂಬ ಭಾವನೆ ಬರುತ್ತದಲ್ಲ, ಅದಕ್ಕೆ ಹಾಗೆ ಬರೆದೆ.

ಮಾತೆಲ್ಲ ಹಿಂದಿಯಲ್ಲೇ ನಡೆಯುವ ವಾರದ ಲ್ಯಾಬ್ ಮೀಟಿಂಗಿನಲ್ಲಿ ಜಿಗ್ನೇಶ್ ಎದ್ದು ನಿಂತ. ವಡೋದರಾದ ಮಾಂಜಲ್‌ಪುರದವನು, ಪಿಎಚ್‌.ಡಿ.ಯ ಎರಡನೇ ವರ್ಷ, ಮಾತಿಗೆ ಮುಂಚೆ ನಗು. ಡೇಟಾ ತೊಳೆದು ಚೊಕ್ಕ ಮಾಡಿದ್ದೇನೆ, ಅದರಲ್ಲಿ ಭಾನುವಾರಗಳನ್ನೆಲ್ಲ ಕಿತ್ತುಹಾಕಿದ್ದೇನೆ ಎಂದ. ಸಂಜೆಯವರೆಗೆ ವಾಚನ್ನು ಬಿಚ್ಚಿ ಮೇಜಿನ ಮೇಲಿಟ್ಟಿದ್ದಾರೆ ಎಂಬುದು ಅವನ ತೀರ್ಮಾನ. ನಾಡಿ ಕಾಣುತ್ತಿದೆಯಲ್ಲಪ್ಪ ಎಂದೆ. ಇಂಥ ವಾಚುಗಳು ಖಾಲಿ ಬಿದ್ದಾಗಲೂ ಸುಳ್ಳು ನಾಡಿ ತೋರಿಸುತ್ತವೆ ಎಂದು ನನಗೇ ತಿಳಿಹೇಳಿದ. ಹೋದ ವರ್ಷ ಇದೇ ಕೋಣೆಯಲ್ಲಿ ಬಾಳೆಹಣ್ಣಿಗೆ ವಾಚು ಕಟ್ಟಿ, ಅದರ ನಾಡಿ ಬಡಿಯುವುದನ್ನು ತೋರಿಸಿ ಚಪ್ಪಾಳೆ ಗಿಟ್ಟಿಸಿದವನು ನಾನೇ.

"ಸರ್, ಬದುಕಿರೋ ಯಾವ ಮನುಷ್ಯನೂ ಭಾನುವಾರ ಹೀಗಿರಲ್ಲ," ಎಂದ ಜಿಗ್ನೇಶ್. "ನಮ್ಮನೆ ನಾಯೀನೂ ಇದಕ್ಕಿಂತ ಜಾಸ್ತಿ ಅಲ್ಲಾಡುತ್ತೆ."

ಎಲ್ಲರೂ ನಕ್ಕರು. ನಾನೂ ನಕ್ಕೆ, ಸ್ವಲ್ಪ ತಡವಾಗಿ. ನಿಜ ಹೇಳುತ್ತೇನೆ, ನನಗೆ ಬೇಸರಕ್ಕಿಂತ ಭಯವಾಯಿತು. ಸುಮ್ಮನಿದ್ದರೆ ನನ್ನ ಭಾನುವಾರಗಳು ಇಲ್ಲವೇ ಇಲ್ಲ ಎಂದಾಗುತ್ತದೆ. ಜೊತೆಗೆ ಈ ಹುಡುಗ ಒಂಟಿಯಾಗಿ ಕುಳಿತವರನ್ನೆಲ್ಲ ಮೇಜು ಎಂದುಕೊಂಡು ಜೀವನವಿಡೀ ಕಿತ್ತುಹಾಕುತ್ತ ಹೋಗುತ್ತಾನೆ. ಬಾಯಿಬಿಟ್ಟರೆ ಸರ್ ಅವರ ಭಾನುವಾರ ಬಾಳೆಹಣ್ಣಿನದಕ್ಕಿಂತ ಹೆಚ್ಚೇನಲ್ಲ ಎಂದು ಇಡೀ ಲ್ಯಾಬಿಗೆ ತಿಳಿಯುತ್ತದೆ. ಏನು ಮಾಡಲೂ ತೋಚದೆ ಕನ್ನಡಕ ಒರೆಸಿಕೊಂಡೆ. ಕಷ್ಟದಲ್ಲಿರುವ ಮೇಷ್ಟರುಗಳೆಲ್ಲ ಮಾಡುವ ಕೆಲಸ ಅದು.

ಆಗ ಹೇತಲ್ ಎದ್ದಳು. ಪೋಸ್ಟ್‌ಡಾಕ್ ಆಗಿ ನಮ್ಮಲ್ಲಿಗೆ ಬಂದು ಕೆಲವು ವರ್ಷಗಳಾದವು, ಮಾತು ಕಡಿಮೆ. ಪರದೆಯ ಹತ್ತಿರ ಹೋಗಿ ಒಂದು ಗೆರೆಯ ಮೇಲೆ ಬೆರಳಿಟ್ಟಳು.

"ಇದು ಮೇಜಲ್ಲ. ಮಧ್ಯಾಹ್ನವೆಲ್ಲ ಆಗಾಗ ಕೈ ಮೇಲೆದ್ದಿದೆ, ಒಂದು ಕ್ಷಣ ನಿಂತಿದೆ, ಇಳಿದಿದೆ. ಯಾರೋ ಕೂತಲ್ಲೇ ಕೂತು ಟೈಮ್ ನೋಡ್ತಾ ಇದ್ದಾರೆ."

ಅಭ್ಯಾಸಬಲ ಎಂಬುದು ಎಂಥ ದ್ರೋಹಿ ನೋಡಿ. ಅವಳು ಹಾಗೆನ್ನುತ್ತಿದ್ದಂತೆಯೇ ನನ್ನ ಎಡಗೈ ಮೇಲೆದ್ದಿತು, ಒಂದು ಕ್ಷಣ ನಿಂತಿತು, ಇಳಿಯಿತು. ಉಳಿದವರೆಲ್ಲ ಪರದೆ ನೋಡುತ್ತಿದ್ದರು. ಹೇತಲ್ ನನ್ನನ್ನು ನೋಡುತ್ತಿದ್ದಳು. ಅವಳು ಹೋಗಿ ತನ್ನ ಜಾಗದಲ್ಲಿ ಕುಳಿತಳು. ಭಾನುವಾರಗಳು ಇರತಕ್ಕದ್ದು ಎಂದು ನಾನು ಗಂಟಲು ಸರಿಮಾಡಿಕೊಂಡು ತೀರ್ಪು ಕೊಟ್ಟೆ.

ಎಲ್ಲರೂ ಹೋದ ಮೇಲೂ ಅವಳು ಲ್ಯಾಪ್‌ಟಾಪಿನ ವೈರನ್ನು ಸುತ್ತುತ್ತ ನಿಂತಿದ್ದಳು. ಸುತ್ತಿದ್ದನ್ನೇ ಬಿಚ್ಚಿ ಮತ್ತೆ ಸುತ್ತಿದಳು.

"ಸರ್, ಯಾರು ಅಂತ ಗೊತ್ತಾದರೂ ಹೋಗಿ ಮಾತಾಡಿಸಬಾರದು, ಅಲ್ವಾ?"

"ಮಾತಾಡಿಸಬಾರದು," ಎಂದೆ. ವರ್ಷಗಟ್ಟಲೆ ಹೇಳಿ ಹೇಳಿ ಪಳಗಿದ ನಾಲಿಗೆ, ನನ್ನನ್ನು ಕೇಳದೆಯೇ ಉತ್ತರ ಕೊಟ್ಟುಬಿಟ್ಟಿತು. ಅವಳು ಸರಿ ಎಂದು ತಲೆಯಾಡಿಸಿ ಹೊರಟುಹೋದಳು.

ಆ ಭಾನುವಾರ ಯಾರೂ ಬರುವುದಿಲ್ಲವೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ಬೆಳಿಗ್ಗೆ ಗಡ್ಡ ಕೆರೆದುಕೊಂಡೆ, ಅಟ್ಟದಲ್ಲಿದ್ದ ಒಳ್ಳೆಯ ಕಪ್ಪುಗಳನ್ನು ಇಳಿಸಿ ತೊಳೆದಿಟ್ಟೆ, ಮೂಲೆಯಂಗಡಿಯಿಂದ ಕಡಲೆಹಿಟ್ಟಿನಲ್ಲಿ ಗರಿಗರಿಯಾಗಿ ಕರಿದ ಬಿಸಿಬಿಸಿ ಫಾಫಡಾ ತಂದಿಟ್ಟೆ. ಲಿಫ್ಟು ನಮ್ಮ ಮಹಡಿಯಲ್ಲಿ ನಿಂತ ಸದ್ದಾದಾಗಲೆಲ್ಲ ಎದೆ ಡವಗುಟ್ಟಿತು. ಬಂದವರೆಲ್ಲ ಎದುರುಮನೆಯವರ ನೆಂಟರು. ಸಂಜೆ ಮೆತ್ತಗಾದ ಫಾಫಡಾವನ್ನು ಒಬ್ಬನೇ ತಿಂದು ಶೆಟ್ಟರಲ್ಲಿಗೆ ಹೋದೆ. ನನ್ನ ದುರದೃಷ್ಟಕ್ಕೆ ಬಿಲ್ಲಿನ ಮೆಷಿನ್ ಚೆನ್ನಾಗಿ ಕೆಲಸ ಮಾಡುತ್ತಿತ್ತು.

ಮುಂದಿನ ಮೀಟಿಂಗಿಗೆ ಜಿಗ್ನೇಶ್ ಗಾಬರಿಯಲ್ಲೇ ಬಂದ. ವ್ಯಕ್ತಿ ಏಳು ಈ ಭಾನುವಾರ ಬೆಳಿಗ್ಗೆ ಒಂದಿಷ್ಟು ಓಡಾಡಿದ ಮೇಲೆ ಕೂತಲ್ಲೇ ಇದ್ದಾರೆ, ಆದರೆ ನಾಡಿ ಮತ್ತೆ ಮತ್ತೆ ಹಾರಿ ಬಿದ್ದಿದೆ, ಹೃದಯದ ತೊಂದರೆಯೇ ಇರಬೇಕು ಎಂದ. "ಯಾರಾದರೂ ಒಮ್ಮೆ ಹೋಗಿ ನೋಡಬೇಕಲ್ವಾ ಸರ್?" ಎಂದು ಕೇಳಿದಾಗ ಅವನ ಮುಖದಲ್ಲಿ ನಗುವಿರಲಿಲ್ಲ. ಒಂದೇ ಒಂದು ಮಾತು ಆಡಿದ್ದರೆ ಸಾಕಿತ್ತು. ಅಂದೇ ಎಲ್ಲರೂ ನಮ್ಮ ಮನೆಗೆ ಬಂದುಬಿಡುತ್ತಿದ್ದರು. ಆದರೆ ನಾನು ಮೇಷ್ಟರು. ಗಾಬರಿ ಬೇಡ, ಅವರ ಆರೋಗ್ಯ ನನಗೆ ಗೊತ್ತಿದೆ ಎಂದು ಹೇಳಿ, ನಮ್ಮ ನಿಯಮ ಏನು ಎಂದು ಕೇಳಿದೆ.

ಹುಡುಕಿಕೊಂಡು ಹೋಗಬಾರದು ಎಂದು ಇಡೀ ಲ್ಯಾಬ್ ಒಂದೇ ದನಿಯಲ್ಲಿ ಒಪ್ಪಿಸಿತು. ಶಭಾಷ್ ಎಂದೆ. ಹೇತಲ್ ಮಾತ್ರ ಬಾಯಿ ತೆರೆಯದೆ ಕಿಟಕಿಯ ಹೊರಗೆ ನೋಡುತ್ತಿದ್ದಳು. ನಾನು ಹೇಳಿಕೊಟ್ಟ ಪಾಠ ಇವಳೊಬ್ಬಳಿಗೆ ಇನ್ನೂ ಪೂರ್ತಿ ಹತ್ತಿಲ್ಲವೋ ಏನೋ ಎಂಬ ಸಣ್ಣ ಆಸೆ, ನನ್ನ ಮೇಷ್ಟರಿಕೆಯಲ್ಲಿ ಮೊದಲ ಬಾರಿಗೆ, ಹುಟ್ಟಿತು. ಈ ಭಾನುವಾರಕ್ಕೂ ಫಾಫಡಾ ಹೇಳಿಟ್ಟಿದ್ದೇನೆ.