ಮೊಮ್ಮಗಳಿಗಾಗಿ ಡ್ಯಾಂಪರ್ ಎತ್ತಿ ಕಟ್ಟಿದ್ದು

ನಾನು ತಾತನಾದೆ! ಇಷ್ಟು ಬರೆದು ಪೆನ್ನು ಮುಚ್ಚಿಟ್ಟರೂ ನನಗೆ ಸಂತೋಷವೇ. ಆದರೆ ಜೀಪಿನ ವಿಷಯ ನಾನು ಹೇಳದಿದ್ದರೆ ನಮ್ಮ ಮನೆಯವಳು ಕೆಂಪಮ್ಮ ಹೇಳುತ್ತಾಳೆ. ಅವಳ ಬಾಯಲ್ಲಿ ಕೇಳುವುದಕ್ಕಿಂತ ನನ್ನಿಂದಲೇ ಕೇಳಿದರೆ ನನ್ನ ಮರ್ಯಾದೆ ಸ್ವಲ್ಪವಾದರೂ ಉಳಿದೀತು.

ನಮ್ಮ ಸೊಸೆ ಬಾಣಂತನಕ್ಕೆ ಸಂತೆಬಾಚಹಳ್ಳಿ ಪಕ್ಕದ ತವರಿಗೆ ಹೋಗಿದ್ದಳು. ಮೊಮ್ಮಗಳಿಗೆ ಐದನೇ ತಿಂಗಳು ಬಿತ್ತು. ತಾಯಿ ಮಗುವನ್ನು ಶೀಳನೆರೆ ಹತ್ತಿರದ ನಮ್ಮೂರಿಗೆ ಕರೆತರಬೇಕು. ‘ನನ್ನ ಮೊಮ್ಮಗಳು ಮೊದಲ ಸಲ ಮನೆಗೆ ಬರುವುದು ನನ್ನ ಜೀಪಿನಲ್ಲೇ’ ಎಂದು ನಾನು ಊರ ತುಂಬ ಹೇಳಿಕೊಂಡು ಬಂದಿದ್ದೆ. ಕೇಳಿದವರಿಗೂ ಹೇಳಿದೆ, ಕೇಳದವರಿಗೂ ಹೇಳಿದೆ.

“ಆ ಜೀಪಲ್ಲಾ?” ಎಂದಳು ಕೆಂಪಮ್ಮ. “ಡೈರಿಗೆ ಆಲಿನ ಕ್ಯಾನು ತಕ್ಕೊಂಡೋದ್ರೆ ದಾರೀಲೇ ಬೆಣ್ಣೆ ತೇಲ್ತದೆ. ಕೂಸ್ನ ಏನ್ ಮಾಡ್ಬೇಕು ಅಂತಿದ್ದೀರಿ? ಬೀಗರ ತಮ್ಮನ ಕಾರದೆ, ಅದ್ರಲ್ಲಿ ಬರ್ಲಿ.”

ಬೆಣ್ಣೆಯ ಮಾತು ಸುಳ್ಳಲ್ಲ. ಜೀಪು ಸ್ವಲ್ಪ ವೇಗ ಹಿಡಿದರೆ ಮುಂದಿನ ಚಕ್ರಗಳು ಮೈಮೇಲೆ ದೇವರು ಬಂದಂತೆ ನಡುಗುತ್ತಿದ್ದವು. ಆ ನಡುಕ ತಡೆಯುವುದಕ್ಕೆಂದೇ ಮುಂದಿನ ಅಚ್ಚಿನ ಬಳಿ ಡ್ಯಾಂಪರ್ ಅಂತ ಒಂದು ಸಾಮಾನು ಇರುತ್ತದೆ. ನೋಡುವುದಕ್ಕೆ ಸೈಕಲ್ ಪಂಪಿನ ಹಾಗೆ. ಅದರ ಕೊಳವೆ ಒಂದು ಕಡೆ ಅಲುಗದ ಹಾಗೆ ಕೂತಿರುತ್ತದೆ, ಒಳಗಿನ ಸರಳಿನ ತುದಿ ಚಕ್ರ ತಿರುಗಿಸುವ ರಾಡಿಗೆ ಸೇರಿರುತ್ತದೆ. ನಮ್ಮ ಜೀಪಿನಲ್ಲಿ ಅದು ತೀರ ಕೆಳಗೆ ಜೋತಾಡುತ್ತಿತ್ತು. ನಾಲೆ ಏರಿಯ ಮೇಲೆ, ಕಬ್ಬಿನ ಗದ್ದೆಯೊಳಗೆ ಓಡಾಡಿ ಓಡಾಡಿ ಪ್ರತಿ ಕಲ್ಲಿಗೂ ಹಣೆ ಚಚ್ಚಿಕೊಂಡು ಸತ್ತೇಹೋಗಿತ್ತು.

ಹೊಸದು ತಂದೆ. ಇದನ್ನು ಕಲ್ಲಿಗೆ ಸಿಗದ ಹಾಗೆ ಎತ್ತರಕ್ಕೆ, ರಾಡಿನ ಮೇಲ್ಗಡೆಗೆ ಸ್ಥಳಾಂತರಿಸತಕ್ಕದ್ದು ಎಂದು ತೀರ್ಮಾನಿಸಿದೆ. ತೀರ್ಮಾನಿಸಿದವನೂ ನಾನೇ, ಇಂಜಿನಿಯರೂ ನಾನೇ. ಓದಿದ್ದು ನಾಲ್ಕನೇ ಕ್ಲಾಸು. ಆದರೆ ತಾತನಾದವನಿಗೆ ಯಾವ ವಿದ್ಯೆ ಕಷ್ಟ?

ನೇಗಿಲು ಬೆಸೆಯುವ ವೆಲ್ಡಿಂಗ್ ಅಂಗಡಿಯ ಮಂಜನ ಮುಂದೆ ಜೀಪು ನಿಲ್ಲಿಸಿ ಡ್ಯಾಂಪರಿನ ಕೊಳವೆಯನ್ನು ಹಿಡಿದಿಡುವ ಕಬ್ಬಿಣದ ಹಿಡಿ ಕೂರಿಸಬೇಕಾದ ಜಾಗಕ್ಕೆ ಸುಣ್ಣದಲ್ಲಿ ಗುರುತು ಹಾಕಿಕೊಟ್ಟೆ.

“ಇಷ್ಟ್ ದೂರಕ್ಕಾ ಗೌಡ್ರೇ?”

“ಅಲ್ಲಿಗೇ ಕಣ್ಲಾ. ನೀನು ಬೆಂಕಿ ಕಾರು, ಲೆಕ್ಕ ನಂದು.”

ನನ್ನ ಲೆಕ್ಕ ಇದು: ಹೊಸ ಡ್ಯಾಂಪರಿನ ಸರಳು ಅರ್ಧ ಒಳಗೆ ಅಡಗಿ ಕೂತಿತ್ತು. ದುಡ್ಡು ಕೊಟ್ಟ ಸಾಮಾನು ಅರ್ಧ ಯಾಕೆ ಒಳಗಿರಬೇಕು? ಪೂರ್ತಿ ಹೊರಗೆ ಎಳೆದೆ. ಉದ್ದವಾಗಿ, ಗಂಭೀರವಾಗಿ ಕಂಡಿತು. ಬೋಲ್ಟು ಕೂರಲಿಲ್ಲ ಅಂತ ಒಂದು ಬೆರಳಿನಷ್ಟು ಒಳಗೆ ತಳ್ಳಿ ಬಿಗಿದೆ. ಆ ಒಂದು ಬೆರಳು ಮುಂದೆ ನನ್ನ ಮಾನ ಕಾಯಿತು. ಪೂರ್ತಿ ಅಲ್ಲ, ಬೆರಳಿನಷ್ಟು!

ಆಮೇಲೆ ಪರೀಕ್ಷೆ. ಗಾಡಿಗೆ ಏನೇ ಹೊಸದು ಹಾಕಿದರೂ ನಮ್ಮೂರಲ್ಲಿ ಮೊದಲು ಬಸವನ ಗುಡಿಗೆ ಪ್ರದಕ್ಷಿಣೆ. ಚಕ್ರದಡಿ ನಿಂಬೆಹಣ್ಣು ಇಟ್ಟು ಮೂರು ಸುತ್ತು ಹಾಕಿದೆ. ಪ್ರದಕ್ಷಿಣೆ ಅಂದರೆ ಬಲಕ್ಕೇ ಅಲ್ಲವೇ? ಬಲಕ್ಕೆ ತಿರುಗಿತು, ಬಲಕ್ಕೆ ತಿರುಗಿತು, ಬಲಕ್ಕೆ ತಿರುಗಿತು. ಒಂದಿಷ್ಟೂ ನಡುಕವಿಲ್ಲ. ದೇವರ ಮುಂದೆ ಎಡಕ್ಕೆ ತಿರುಗಿಸಿ ನೋಡುವ ದುರ್ಬುದ್ಧಿ ನನಗೆ ಬರಲೇ ಇಲ್ಲ.

ಬೆಳಿಗ್ಗೆ ಮಗ ಸಿದ್ದರಾಜುವನ್ನು ಹಾಲು ಕರೆಯುವುದಕ್ಕೂ ತೋರಣ ಕಟ್ಟುವುದಕ್ಕೂ ಬಿಟ್ಟು ನಾನೂ ಕೆಂಪಮ್ಮನೂ ಹೊರಟೆವು. ಜೀಪು ಎಣ್ಣೆ ಹಚ್ಚಿದಂತೆ ಓಡಿತು. ರಸ್ತೆಯ ಸಣ್ಣಪುಟ್ಟ ಬಾಗುಗಳಿಗೆ ಆ ಒಂದು ಬೆರಳು ಸಾಕಾಯಿತು. ಇಕ್ಕೆಲದಲ್ಲೂ ಕಬ್ಬು ಹೂ ಬಿಟ್ಟಿತ್ತು. ಎಳೆ ಬಿಸಿಲಿನಲ್ಲಿ ಆ ಬಿಳಿ ಹೂಗಳು ಒಂದು ಕಡೆಗೆ ಬಾಗಿ ‘ತಾತ ಬಂದ, ತಾತ ಬಂದ’ ಎಂದು ಪಿಸುಗುಟ್ಟಿದ ಹಾಗಿತ್ತು. ಕೆಂಪಮ್ಮ ಕೂಡ ಸೀಟಿಗೆ ಒರಗಿ, “ಜೀಪಾ ಇದು? ತೊಟ್ಲು ಇದ್ದಂಗದೆ” ಎಂದಳು. ನನ್ನ ಜನ್ಮ ಸಾರ್ಥಕವಾಯಿತು.

ಬೀಗರ ಬೀದಿಗೆ ಎಡಕ್ಕೆ ತಿರುಗಬೇಕು. ತಿರುಗಿಸಿದೆ. ಸ್ಟೇರಿಂಗು ಒಂದು ಬೆರಳು ಹೋಗಿ ‘ಟಕ್’ ಎಂದು ನಿಂತುಬಿಟ್ಟಿತು! ಜೀಪು ಬೀದಿಯನ್ನು ದಾಟಿ ಮುಂದಕ್ಕೆ ಹೋಯಿತು. ನಮ್ಮ ಜೀಪಿಗೆ ರಿವರ್ಸ್ ಗೇರು ಬೀಳುವುದಿಲ್ಲ. ಮುಂದೆ ಅರಳಿ ಕಟ್ಟೆ. ಬೇರೆ ದಾರಿ ಕಾಣದೆ ಕಟ್ಟೆಯನ್ನು ಬಲಕ್ಕೆ ಸುತ್ತಿದೆ, ಸುತ್ತಿದೆ, ಸುತ್ತುತ್ತಾ ಬಂದರೆ ಬೀಗರ ಬೀದಿ ನೇರ ಎದುರಿಗೆ ಬಂದು ನಿಂತಿತು! ಎಡಕ್ಕೆ ಹೋಗಲು ಬಲಕ್ಕೆ ಮುಕ್ಕಾಲು ಸುತ್ತು. ಯಾವ ಸ್ಕೂಲಿನಲ್ಲೂ ಕಲಿಸದ ಪಾಠ.

ಬಾಗಿಲಲ್ಲಿ ನಿಂತಿದ್ದ ಬೀಗರು ಬೋರೇಗೌಡರು ಕೈಮುಗಿದರು. “ಏನ್ ಭಕ್ತಿ ಬೀಗ್ರೇ! ಕಟ್ಟೆ ಸುತ್ತಿ ಬರೋರು ಈಗಿನ ಕಾಲ್ದಲ್ಲಿ ಎಲ್ಲವ್ರೆ?”

“ದೇವ್ರ ಮುಂದೆ ನಾವೇನು ಬೀಗ್ರೇ” ಎಂದೆ. ಕೆಂಪಮ್ಮ ನನ್ನನ್ನೇ ನೋಡಿದಳು. ನಾನು ಗುಡಿಗೆ ಹೋದರೆ ಚಪ್ಪಲಿ ಕಾಯುತ್ತಾ ಹೊರಗೆ ಕೂರುವವನು.

ಬೀಗರ ತಮ್ಮನ ಬಿಳಿ ಕಾರು ಅಂಗಳದಲ್ಲೇ ಹೊಳೆಯುತ್ತಾ ನಿಂತಿತ್ತು. ಜೀಪು ಕೆಟ್ಟಿದೆ ಎಂದು ಬಾಯಿಬಿಟ್ಟರೆ ಮೊಮ್ಮಗಳು ಅದರೊಳಗೆ! ಹಾಗಾಗಿ ಊಟ ಮುಗಿಸಿ, ಗುಟ್ಟಾಗಿ ಡ್ಯಾಂಪರಿನ ಬೋಲ್ಟು ಬಿಚ್ಚಿಬಿಡೋಣವೆಂದು ಸ್ಪ್ಯಾನರ್ ಹುಡುಕಿದೆ. ಅದು ಸೀಟಿನಡಿ ಇರಬೇಕು. ಇರಲಿಲ್ಲ! ಬೀಗರನ್ನು ಕೇಳೋಣ ಅಂದರೆ ‘ಯಾಕೆ’ ಅನ್ನುತ್ತಾರೆ.

ಮಡಿಲು ತುಂಬಿ ಕಳಿಸಿದರು. ಸೊಸೆಯ ತೊಡೆಯ ಮೇಲೆ ಹಳೆ ಸೀರೆಯ ಮೆತ್ತೆ, ಮೆತ್ತೆಯ ಮೇಲೆ ಮೊಮ್ಮಗಳು. ಕೆನ್ನೆಗೆ ಕಾಡಿಗೆ ಬೊಟ್ಟು. ನನ್ನ ಕಿರುಬೆರಳನ್ನು ಹಿಡಿದುಕೊಂಡು ಬಿಡಲೇ ಇಲ್ಲ. ಆ ಹಿಡಿತದಲ್ಲಿ ಜೀಪೂ ಮರೆತುಹೋಯಿತು, ಡ್ಯಾಂಪರೂ ಮರೆತುಹೋಯಿತು.

ಮೊದಲ ಎಡ ತಿರುವಿನಲ್ಲಿ ನೆನಪಾಯಿತು! ಅಲ್ಲಿ ಮಾರಮ್ಮನ ಗುಡಿ ಇತ್ತು. ಸುತ್ತಿದೆ. ಕೆಂಪಮ್ಮ ಕೆನ್ನೆ ಕೆನ್ನೆ ಬಡಿದುಕೊಂಡಳು.

ಮುಂದಿನ ಕವಲಿನಲ್ಲಿ ಗುಡಿ ಇರಲಿಲ್ಲ. ರಸ್ತೆ ಪಕ್ಕದ ಬಂಡೆಯ ಮೇಲೆ ಒಬ್ಬ ರೈತ ಹುರುಳಿ ಗಿಡ ಹರಡಿದ್ದ. ಬಂಡೆ ಹತ್ತಿಸಿ ಅದರ ಮೇಲೇ ಸುತ್ತಿದೆ. ಕಾಯಿ ಪಟಪಟ ಸಿಡಿಯಿತು. ಬೈಯುತ್ತಾನೆಂದು ತಲೆ ತಗ್ಗಿಸಿದರೆ ಅವನು ಕುಣಿದಾಡಿಬಿಟ್ಟ. “ನಿಮ್ ಒಟ್ಟೆ ತಣ್ಗಿರ್ಲಿ ಗೌಡ್ರೇ! ಇನ್ನೊಂದ್ ಸುತ್ತು ಬುಡಿ, ಒಕ್ಕಣೆನೇ ಮುಗ್ದೋಯ್ತದೆ!” ಬಿಟ್ಟೆ. ಇನ್ನೂ ಒಂದು ಬಿಟ್ಟೆ. ಯಾಕೆಂದರೆ ಹಿಂದಿನ ಸೀಟಿನಲ್ಲಿ ಮೊಮ್ಮಗಳು ನಿದ್ದೆ ಹೋಗಿದ್ದಳು. ಸುತ್ತಲೂ ಹೊಲ, ತೆಂಗು, ದೂರದ ಗುಡ್ಡ ಎಲ್ಲವೂ ನಿಧಾನವಾಗಿ ಅವಳ ಸುತ್ತ ತಿರುಗುತ್ತಿದ್ದವು. ಲೋಕವೇ ಅವಳಿಗೆ ಪ್ರದಕ್ಷಿಣೆ ಹಾಕುತ್ತಿದೆ ಅನ್ನಿಸಿತು. ಹಾಗೇ ಸಂಜೆಯವರೆಗೂ ಸುತ್ತುತ್ತಿರಬಹುದಿತ್ತು.

ಕೊನೆಯದಕ್ಕೆ ಮೊದಲಿನ ತಿರುವಿನಲ್ಲಿ ನನ್ನ ಗ್ರಹಚಾರ ಕಾದಿತ್ತು. ಅಲ್ಲಿ ಸುತ್ತುವುದಕ್ಕೆ ಇದ್ದ ಕಟ್ಟಡ ಒಂದೇ. ಸುತ್ತಿದೆ. ಒಳಗಿದ್ದವರು ಗ್ಲಾಸು ಹಿಡಿದುಕೊಂಡೇ ಹೊರಗೆ ಬಂದು ನೋಡಿದರು.

“ಏನೂಂದ್ರೆ,” ಎಂದಳು ಕೆಂಪಮ್ಮ ಮೆಲ್ಲಗೆ. “ಅರ್ಳಿ ಕಟ್ಟೆ ಸುತ್ತುದ್ರಿ, ಸರಿ. ಮಾರಮ್ಮನ್ನ ಸುತ್ತುದ್ರಿ, ಸರಿ. ಸಾರಾಯಿ ಅಂಗ್ಡೀಲಿ ಯಾವ ದೇವ್ರವ್ನೆ?”

ಸೊಸೆ ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು. ನಾನು ಗೇರು ಬದಲಿಸಿ ಮುಂದಕ್ಕೆ ಓಡಿಸಿದೆ.

ನಮ್ಮೂರ ಬೀದಿ ಬಂತು. ಎಡಕ್ಕೆ. ಒಂದು ಕಡೆ ಗೋಡೆ, ಒಂದು ಕಡೆ ಚರಂಡಿ, ಸುತ್ತುವುದಕ್ಕೆ ಏನೂ ಇಲ್ಲ. ಆರತಿ ತಟ್ಟೆ ಹಿಡಿದ ಹೆಂಗಸರು ನಮ್ಮ ಬಾಗಿಲಲ್ಲೇ ಕಾಣುತ್ತಿದ್ದಾರೆ. ಸಿದ್ದರಾಜು ಓಡಿ ಬಂದು, “ಎಡಕ್ಕೆ ಒಡಿಯಪ್ಪ! ಎಡಕ್ಕೆ!” ಎಂದು ಕೂಗುತ್ತಿದ್ದಾನೆ. ಜೀಪು ನಿಂತಿತು. ನಿಂತ ಕೂಡಲೇ ಮೊಮ್ಮಗಳು ಎದ್ದು ಕಿಟಾರನೆ ಕಿರುಚಿದಳು.

ನಾನು ಸೋತೆ. “ಎಡಕ್ಕೆ ತಿರುಗಲ್ಲ ಕಣೇ. ಡ್ಯಾಂಪರ್ ಅಡ್ಡ ಹಿಡೀತದೆ. ಒಂದು ಸ್ಪ್ಯಾನರ್ ಇದ್ದಿದ್ರೆ ಬೀಗರ ಮನೇಲೇ ಬಿಚ್ಚಾಕ್ತಿದ್ದೆ!”

ಕೆಂಪಮ್ಮ ಮಗುವಿನ ಮೆತ್ತೆಯಡಿಗೆ ಕೈ ಹಾಕಿದಳು. ಸ್ಪ್ಯಾನರ್ ಹೊರಗೆ ಬಂತು!

“ಇದಾ? ಕೂಸಿನ ಪಕ್ಕ ಕಬ್ಬಿಣ ಇರ್ಬೇಕು ಅಂತ ಬೆಳಿಗ್ಗೆ ನಾನೇ ತಕ್ಕೊಂಡ್ ಮಡಗಿದ್ದೆ. ಕೇಳುದ್ರೆ ಕೊಡ್ತಿರ್ನಿಲ್ವಾ?”

“ಕೇಳಿದ್ರೆ ಯಾಕೆ ಅಂತಿದ್ದೆಯಲ್ಲ!”

ಅವಳು ಇಳಿದು, ಬಗ್ಗಿ, ಕೆಳಗೆ ನೋಡಿದಳು. ಪೂರ್ತಿ ಹೊರಗೆ ಚಾಚಿಕೊಂಡಿದ್ದ ಸರಳನ್ನೂ ನೋಡಿದಳು, ನನ್ನನ್ನೂ ನೋಡಿದಳು. “ಅಗ್ಗ ಪೂರಾ ಎಳ್ದು ಕಟ್ಟುದ್ರೆ ಹಸ ಆ ಕಡೆಗೆ ಎಂಗ್ ಓಯ್ತದೆ? ಇಷ್ಟ್ ವರ್ಸ ದನ ಕಟ್ಟಿದ್ದೀರಿ!”

ಅಷ್ಟೇ. ಸರಳು ಅರ್ಧ ಒಳಗೆ, ಅರ್ಧ ಹೊರಗೆ ಇರುವ ಹಾಗೆ ಮಧ್ಯಕ್ಕೆ ಕಟ್ಟಬೇಕಿತ್ತು.

ಬೋಲ್ಟು ಬಿಚ್ಚಿದೆ. ಜೀಪು ಎಡಕ್ಕೆ ತಿರುಗಿತು. ಜೊತೆಗೆ ಹಳೆಯ ನಡುಕವೂ ಬಂತು. ಬೀದಿಯುದ್ದಕ್ಕೂ ಗಡಗಡ, ಗಡಗಡ! ಮಗು ಏನಾಯಿತೋ ಎಂದು ತಿರುಗಿ ನೋಡಿದರೆ, ಅಳು ನಿಲ್ಲಿಸಿ ಕೇಕೆ ಹಾಕಿ ನಗುತ್ತಿದ್ದಾಳೆ! ಯಾವ ನಡುಕಕ್ಕೆ ಹೆದರಿ ನಾನು ಇಷ್ಟೆಲ್ಲ ಮಾಡಿದೆನೋ, ಆ ನಡುಕವೇ ಅವಳಿಗೆ ಆಟ. ಅವಳು ನಗುತ್ತಲೇ ಹೊಸಿಲು ದಾಟಿದಳು. ನನ್ನ ಜೀಪಿನಲ್ಲೇ ಬಂದಳು!

ಮಾರನೆಯ ದಿನ ಮಂಜ ಹಿಡಿಯನ್ನು ಸರಿಯಾದ ಜಾಗಕ್ಕೆ ಬೆಸೆದ. ಈಗ ಜೀಪು ಎಡಕ್ಕೂ ಹೋಗುತ್ತದೆ, ಬಲಕ್ಕೂ ಹೋಗುತ್ತದೆ. ಮೊಮ್ಮಗಳು ಮಾತ್ರ ಆವತ್ತಿನ ನಿದ್ದೆ ಮರೆತಿಲ್ಲ. ದಿನಾ ಸಂಜೆ ನನ್ನ ಹೆಗಲ ಮೇಲೆ ಮಲಗಿ, ಅಂಗಳದ ಹುಲ್ಲಿನ ಬಣವೆಯನ್ನು ಸುತ್ತಿಸಿಕೊಂಡೇ ಕಣ್ಣು ಮುಚ್ಚುತ್ತಾಳೆ. ಎಡಕ್ಕೆ ತಿರುಗಿದೆನೋ, ಕಿಟಾರನೆ ಕಿರುಚುತ್ತಾಳೆ.

ಜೀಪಿನ ಸ್ಟೇರಿಂಗು ಸರಿಹೋಯಿತು. ಬಲಕ್ಕೆ ಸಿಕ್ಕಿಕೊಂಡಿರುವುದು ಈಗ ನಂದು!