ಐದು ತಟ್ಟೆಯ ಅರ್ಜಿ

ತಿಮ್ಮೇಶ್ ಮೇಷ್ಟ್ರು ಕೆಟ್ಟಿದ್ದು ಒಂದೇ ಒಂದು ಪದದಿಂದ.

ಸಂತೇಬೆನ್ನೂರಿನಿಂದ ಆಚೆಗಿನ ಆ ಸಣ್ಣ ಹಳ್ಳಿಯ ಶಾಲೆಯಲ್ಲಿ ಐದು ಕ್ಲಾಸು, ಹದಿನೇಳು ಮಕ್ಕಳು, ಒಂದೇ ಕೋಣೆ, ಒಬ್ಬರೇ ಮೇಷ್ಟ್ರು. ನಲಿಕಲಿ ಪಾಠದಲ್ಲಿ ಮಕ್ಕಳು ಗುಂಪುಗುಂಪಾಗಿ ದುಂಡಗೆ ಕೂರುತ್ತಾರೆ. ಒಂದೊಂದು ಗುಂಪಿಗೂ ‘ತಟ್ಟೆ’ ಅಂತ ಹೆಸರು. ಮೇಷ್ಟ್ರು ಐದು ಕ್ಲಾಸಿಗೂ ಐದು ತಟ್ಟೆ ಮಾಡಿಕೊಂಡಿದ್ದರು. ಒಂದನೇ ತಟ್ಟೆಗೆ ಅ ಆ ತಿದ್ದಿಸಿ ತಲೆ ಎತ್ತುವಷ್ಟರಲ್ಲಿ ಐದನೇ ತಟ್ಟೆಯವರು ಕಿಟಕಿಯಾಚೆ ಕೋತಿ ಎಣಿಸುತ್ತಿರುತ್ತಿದ್ದರು.

ಹೋದ ವರ್ಷ ಇಲ್ಲಿ ಐದನೇ ಕ್ಲಾಸು ಮುಗಿಸಿ ಸಂತೇಬೆನ್ನೂರಿನ ದೊಡ್ಡ ಶಾಲೆಗೆ ಹೋದ ಹುಡುಗಿಯೊಬ್ಬಳು, ಭಾಗಾಕಾರ ಬಾರದೆ ನಗೆಪಾಟಲಾಗಿ ಅಳುತ್ತ ವಾಪಸು ಬಂದಿದ್ದಳು. ಆ ಅಳು ಮೇಷ್ಟ್ರಿಗೆ ಇನ್ನೂ ಮರೆತುಹೋಗಿರಲಿಲ್ಲ. ಈ ಸಲ ಹೋಗಬೇಕಾದವಳು ಚೈತ್ರಶ್ರೀ. ಅವಳಿಗೂ ಹಾಗಾಗಬಾರದು ಅಂತ ಮೇಲಿನ ಆಫೀಸಿಗೆ ಅರ್ಜಿ ಬರೆದರು: “ಐದು ತಟ್ಟೆಗಳನ್ನು ನಾನೊಬ್ಬನೇ ನಿಭಾಯಿಸಲು ಆಗುತ್ತಿಲ್ಲ. ದಯವಿಟ್ಟು ಇನ್ನೊಬ್ಬರನ್ನು ಕೊಡಿ.”

ಹದಿನೈದು ದಿನಕ್ಕೆ ಫೋನು ಬಂತು. “ಸೋಮವಾರ ವಾಣಿಶ್ರೀ ಮೇಡಂ ಬಂದು ತಟ್ಟೆ ನೋಡ್ತಾರೆ.”

ಸೋಮವಾರ ಬೆಳಿಗ್ಗೆ ಎಲ್ಲರಿಗಿಂತ ಮೊದಲು ಬಂದವರು ಶಾಲಾ ಸಮಿತಿ ಅಧ್ಯಕ್ಷ ಪಂಚಾಕ್ಷರಪ್ಪ.

“ಮೇಷ್ಟ್ರೇ, ಊರ ಮರ್ಯಾದೆ ಐತೆ. ಹುಡುಗ್ರು ಗಪ್‌ಚುಪ್ ಕುಂತಿರಬೇಕು.”

“ಬ್ಯಾಡ್ರಿ ಅಧ್ಯಕ್ಷರೇ. ಗಲಾಟೆ ಇದ್ದಷ್ಟೂ ಒಳ್ಳೇದು. ಅದನ್ನ ನೋಡಿದ್ರೇನೇ ಇನ್ನೊಬ್ಬ ಮೇಷ್ಟ್ರನ್ನ ಕೊಡಾಕೆ ಮನಸ್ಸು ಬರೋದು.”

ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಮೇಷ್ಟ್ರು ಮೇಡಮ್ಮನ್ನು ಕರೆತರಲು ಬಸ್ ಸ್ಟಾಪಿಗೆ ಹೋದದ್ದೇ ತಡ, ಪಂಚಾಕ್ಷರಪ್ಪ ಸಂತೆಯಿಂದ ತಂದಿದ್ದ ಬೆಲ್ಲದ ಚಿಕ್ಕಿಯನ್ನು ಮಕ್ಕಳಿಗೆ ಎರಡೆರಡು ಹಂಚಿ, “ಒಟ್ಟಿಗೇ ಬಾಯಿಗೆ ಹಾಕ್ಕೊಳ್ರಿ” ಅಂದರು. ಮೇಡಂ ಶಾಲೆಗೆ ಕಾಲಿಟ್ಟಾಗ ಹದಿನೇಳು ದವಡೆಗಳೂ ಅಂಟಿಕೊಂಡಿದ್ದವು. ಶಾಲೆಯಲ್ಲಿ ಪಿಟ್ಟೆನ್ನುವ ಸದ್ದಿಲ್ಲ.

ಮೇಡಂ ಬೋರ್ಡಿನ ಕಡೆ ತಿರುಗಿಯೂ ನೋಡಲಿಲ್ಲ. ಸೀದಾ ಅಡುಗೆ ಕೋಣೆಗೆ ಹೋಗಿ ಬಿಸಿಯೂಟ ಮಾಡುವ ದುರುಗಕ್ಕನ ಸಾಂಬಾರು ರುಚಿ ನೋಡಿದರು. ಬಂದ ಅಧಿಕಾರಿಗಳೆಲ್ಲ ಮೊದಲು ಮಾಡುವುದೇ ಅದು ಅಂತ ಮೇಷ್ಟ್ರು ಕಾದರು.

“ಐದು ತಟ್ಟೆನೂ ನೀವೊಬ್ರೇನಾ ನೋಡ್ಕೊಳ್ಳೋದು?” ಮೇಡಂ ಪುಸ್ತಕ ತೆರೆದರು.

“ಹೂಂ ಮೇಡಂ. ಮೊದಲ್ನೇ ತಟ್ಟೆಗೆ ಕೊಟ್ಟು ಬರೋಷ್ಟರಲ್ಲಿ ಐದ್ನೇ ತಟ್ಟೆ ಆರಿ ತಣ್ಣಗಾಗಿರತೈತೆ.”

“ಅಯ್ಯೋ! ಎಲ್ರಿಗೂ ಒಂದೇ ಹದ ಕೊಡ್ತೀರಾ?”

“ಹೆಂಗಾಗತೈತೆ ಮೇಡಂ? ಸಣ್ಣೋರಿಗೆ ಮೆತ್ತಗೆ ಬೇಕು, ದೊಡ್ಡೋರಿಗೆ ಗಟ್ಟಿ ಬೇಕು. ಗಟ್ಟೀದು ಕೊಟ್ರೆ ಸಣ್ಣೋರಿಗೆ ಅರಗಲ್ಲ.”

ಎಷ್ಟು ಚೆನ್ನಾಗಿ ಅರ್ಥ ಮಾಡಿಕೊಳ್ಳುತ್ತಿದ್ದಾರೆ ಅಂತ ಮೇಷ್ಟ್ರ ಕಣ್ಣು ತುಂಬಿ ಬಂತು.

“ಅವತ್ತು ಉಳಿದದ್ದನ್ನ ಏನ್ಮಾಡ್ತೀರಿ?”

“ಮಾರನೇ ದಿನ ಅದನ್ನೇ ಕೊಡ್ತೀನಿ.”

ಮೇಡಮ್ಮನ ಪೆನ್ನು ನಿಂತಿತು. “ಅದನ್ನೇ?”

“ಬೇರೆ ದಾರಿ ಇಲ್ಲ ಮೇಡಂ. ಒಂದೊಂದು ಸಲ ವಾರಗಟ್ಟಲೆ ಅದೇ ನಡೀತೈತೆ.”

“ಮಕ್ಕಳಿಗೆ ಏನೂ ಆಗಿಲ್ವಾ?”

“ಹೋದ ವರ್ಷ ಒಬ್ಬಳಿಗೆ ಆತು ಮೇಡಂ. ತಡಕೊಳ್ಳಾಕೆ ಆಗ್ದೆ ಅಳ್ತಾ ಬಂದ್ಲು.”

ಮೇಡಂ ಬೆವರು ಒರೆಸಿಕೊಂಡು ಚೈತ್ರಶ್ರೀ ಮುಂದೆ ಬಗ್ಗಿದರು. “ನೀನು ಹೇಳಮ್ಮ, ಹೆಂಗೈತೆ ಇಲ್ಲಿ?” ಚೈತ್ರಶ್ರೀ ಬಾಯಿ ಬಿಡಲು ಹೆಣಗಿದಳು. ಚಿಕ್ಕಿ ಬಿಡಲಿಲ್ಲ. ಹೆಣಗಿ ಹೆಣಗಿ ಕಣ್ಣಲ್ಲಿ ನೀರು ಬಂತು.

“ಸಾಕು ಕಂದಾ, ಹೇಳ್ಬೇಡ,” ಅಂದರು ಮೇಡಂ ಅವಳ ಕಣ್ಣೊರೆಸಿ. “ಮೇಷ್ಟ್ರೇ, ಒಂದೇ ವಾರ. ಇನ್ನೊಬ್ಬರನ್ನ ಕಳಿಸೇ ಕಳಿಸ್ತೀನಿ.”

ಮೇಷ್ಟ್ರು ಆ ವಾರವೆಲ್ಲ ನೆಲದ ಮೇಲೆ ನಡೆಯಲಿಲ್ಲ. ಹೊಸ ಮೇಷ್ಟ್ರಿಗೆ ಅಂತ ಪಂಚಾಕ್ಷರಪ್ಪನ ಮನೆಯಿಂದ ಕುರ್ಚಿ ತಂದು ಒರೆಸಿಟ್ಟರು. “ಬರೋ ವಾರದಿಂದ ನಿಂಗೆ ದಿನಾ ಭಾಗಾಕಾರ,” ಅಂತ ಚೈತ್ರಶ್ರೀಗೆ ಮಾತೂ ಕೊಟ್ಟರು.

ಹೇಳಿದಂತೆ ಮುಂದಿನ ಸೋಮವಾರ ಆದೇಶ ಬಂತು. ಅದನ್ನು ಹಿಡಿದುಕೊಂಡು ಬಾಗಿಲಲ್ಲಿ ನಿಂತವಳು ಕೊಟ್ರಮ್ಮ ಅನ್ನುವ ಹೆಂಗಸು. ಮೇಷ್ಟ್ರು ಓದಿದರು: “ಬಿಸಿಯೂಟ ವಿಭಾಗ. ಐದು ತಟ್ಟೆಗಳಿಗೆ ಬಡಿಸಲು ಆಗುತ್ತಿಲ್ಲವೆಂಬ ತಮ್ಮ ಅರ್ಜಿಯ ಮೇರೆಗೆ ಒಬ್ಬ ಹೆಚ್ಚುವರಿ ಅಡುಗೆ ಸಹಾಯಕಿಯನ್ನು ನೇಮಿಸಿದೆ. ಇನ್ನು ಮುಂದೆ ಮಕ್ಕಳಿಗೆ ತಂಗಳು ಕೊಟ್ಟರೆ ಶಿಸ್ತುಕ್ರಮ ಜರುಗಿಸಲಾಗುವುದು.”

ಮೇಷ್ಟ್ರು ಒರೆಸಿಟ್ಟ ಕುರ್ಚಿಯಲ್ಲಿ ತಾವೇ ಕುಸಿದು ಕೂತರು. ಕೊಟ್ರಮ್ಮ ಸೆರಗಿನ ಹಿಂದಿನಿಂದ ಎರಡು ಪುಟ್ಟ ಮಕ್ಕಳನ್ನು ಮುಂದಕ್ಕೆ ತಳ್ಳಿದಳು.

“ಅಂಗನವಾಡಿ ದೂರ ಐತ್ರಿ ಸಾರ್. ನಾನು ಅಡುಗೆ ಮಾಡೋ ತನಕ ಇವ್ರನ್ನೂ ಒಂದು ಕಡೆ ಕುಂಡ್ರಿಸ್ಕೊಳ್ರಿ.”

ಅವತ್ತಿನಿಂದ ತಿಮ್ಮೇಶ್ ಮೇಷ್ಟ್ರಿಗೆ ಆರು ತಟ್ಟೆ.